ಅನುಕರ್ಷಶಾಸ್ತ್ರ ಪ್ರವೇಶಿಕೆ: ಕೀಲಾಭಾವ ಪ್ರಕರಣ ಸಹಿತ

ಎಳೆಯುವವುಗಳ ಕುರಿತು ನಮ್ಮಲ್ಲಿ ಶಾಸ್ತ್ರಗಳಿಗೆ ಕೊರತೆಯಿಲ್ಲ. ಅಶ್ವಶಾಸ್ತ್ರವಿದೆ, ಗಜಶಾಸ್ತ್ರವಿದೆ, ಎತ್ತಿನ ಸುಳಿ, ಕೊಂಬು, ಬಾಲಗಳ ಲಕ್ಷಣವನ್ನು ಸಂತೆಯಲ್ಲಿ ನಿಂತು ಬಾಯಿಪಾಠ ಹೇಳಬಲ್ಲ ವೃದ್ಧರು ಇಂದಿಗೂ ಇದ್ದಾರೆ. ಎಳೆಸಿಕೊಳ್ಳುವವುಗಳ ಕುರಿತು ಮಾತ್ರ ವಿದ್ವತ್ಪರಂಪರೆ ದೀರ್ಘಮೌನ ತಾಳಿದೆ. ಟ್ರ್ಯಾಕ್ಟರಿಗೆ ನೋಂದಣಿ ಸಂಖ್ಯೆಯುಂಟು, ವಿಮೆಯುಂಟು, ಮಹಾನವಮಿಯಂದು ಬಾಳೆಕಂದು, ಚೆಂಡುಹೂವಿನ ಮಾಲೆ, ಗಾಲಿಗೊಂದು ನಿಂಬೆಹಣ್ಣು ಉಂಟು. ಅದರ ಹಿಂದೆ ನಿಂತು ನೆಲವನ್ನು ನಿಜವಾಗಿ ಸೀಳುವ ಕಲ್ಟಿವೇಟರಿಗೆ, ಬಟ್ಟಲಲ್ಲಿ ಕುಂಕುಮ ಉಳಿದಿದ್ದರೆ, ಒಂದು ಬೊಟ್ಟು. ಈ ವೈಷಮ್ಯದ ಪರಿಹಾರಾರ್ಥವಾಗಿ ಪ್ರಸ್ತುತ ಲೇಖಕನು ‘ಅನುಕರ್ಷಶಾಸ್ತ್ರ’ವೆಂಬ ನೂತನ ಶಾಸ್ತ್ರವನ್ನು ಪ್ರತಿಷ್ಠಾಪಿಸುತ್ತಿದ್ದಾನೆ.

ನಾಮಸಮರ್ಥನೆ ಹೀಗೆ. ‘ಅನು’ ಎಂದರೆ ಹಿಂದೆ, ‘ಕರ್ಷ’ ಎಂದರೆ ಎಳೆತ. ಕೃಷಿಶಬ್ದಕ್ಕೆ ಮೂಲವಾದ ‘ಕೃಷ್’ ಧಾತುವಿಗೆ ಎಳೆ ಎಂದೂ ಉಳು ಎಂದೂ ಅರ್ಥವಿರುವುದರಿಂದ ಈ ಶಾಸ್ತ್ರದ ಬೀಜವು ಧಾತುಪಾಠದಲ್ಲಿಯೇ ಬಿತ್ತಲ್ಪಟ್ಟಿದೆ ಎನ್ನಬಹುದು. ವೈಯಾಕರಣರು ಹಿಂದಿನ ಸೂತ್ರದ ಪದವನ್ನು ಚಕಾರದ ಬಲದಿಂದ ಮುಂದಿನ ಸೂತ್ರಕ್ಕೆ ಎಳೆದು ತರುವುದನ್ನು ಅನುಕರ್ಷಣವೆಂದು ಕರೆಯುತ್ತಾರೆ. ಅಲ್ಲಿ ಎಳೆಯುವುದು ಏಕಾಕ್ಷರ, ಇಲ್ಲಿ ನಲವತ್ತೈದು ಅಶ್ವಶಕ್ತಿ. ಅಲ್ಲಿ ಕೊಂಡಿ ಕಳಚಿದರೆ ಅರ್ಥಭಂಗ, ಇಲ್ಲಿ ಅಸ್ಥಿಭಂಗ. ಉಳಿದಂತೆ ಭೇದ ಕಾಣದು.

ಶಾಸ್ತ್ರೋತ್ಪತ್ತಿಯ ನಿಮಿತ್ತವನ್ನೂ ದಾಖಲಿಸಬೇಕು. ಹಿಂದಿನ ವರ್ಷದ ಮುಂಗಾರಿನ ಮೊದಲ ಹದದಲ್ಲಿ, ರಾಣೆಬೆನ್ನೂರು ಸೀಮೆಯ ನಮ್ಮ ಮಸಾರಿ ಹೊಲದಲ್ಲಿ, ಲೇಖಕನು ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದಾಗ, ತಮ್ಮನ ಮಗನು ಟ್ರ್ಯಾಕ್ಟರಿನಿಂದ ಇಳಿದು, ಹಿಂದಕ್ಕೆ ಹೋಗಿ, ಬಗ್ಗಿ ನೋಡಿ, “ದೊಡ್ಡಪ್ಪಾ, ಪಿನ್ ಇಲ್ರೀ” ಎಂದನು. ಈ ವಾಕ್ಯದಲ್ಲಿ ‘ಇಲ್ಲ’ ಎಂಬ ಪದವು ಯಾವ ಅರ್ಥದಲ್ಲಿ ಪ್ರಯುಕ್ತವಾಗಿದೆ ಎಂದು ಲೇಖಕನು ಕೇಳಿದನು. ಉತ್ತರ ಬರಲಿಲ್ಲ. ಆ ಅನುತ್ತರವೇ ಈ ಪ್ರಬಂಧ.

ಪ್ರಕರಣ 1. ಪೂರ್ವಾಚಾರ್ಯರು

ಕೃಷಿಪರಾಶರವೆಂಬ ಗ್ರಂಥವು ನೇಗಿಲಿಗೆ ಎಂಟು ಅಂಗಗಳನ್ನು ಎಣಿಸುತ್ತದೆ: ಈಷಾ, ಯುಗ, ಹಲಸ್ಥಾಣು, ನಿರ್ಯೋಲ, ಪಾಶಿಕಾ, ಅಡ್ಡಚಲ್ಲ, ಶೌಲ, ಪಚ್ಚನೀ. ಈಷೆಗೆ ಐದು ಹಸ್ತ ಉದ್ದ. ಆ ಈಷೆಯನ್ನು ನಾವು ಈಸು ಎನ್ನುತ್ತೇವೆ, ಯುಗವನ್ನು ನೊಗ ಎನ್ನುತ್ತೇವೆ. ಎಂಟು ಅಂಗಗಳನ್ನು ಒಬ್ಬ ಮನುಷ್ಯ ನೆನಪಿನಲ್ಲಿಟ್ಟುಕೊಳ್ಳಬಲ್ಲ. ಸ್ಪ್ರಿಂಗ್ ಇರುವ ಒಂಬತ್ತು ಹಲ್ಲಿನ ಕಲ್ಟಿವೇಟರನ್ನು ಪೂರ್ಣವಾಗಿ ಬಿಚ್ಚಿ ಗೋಣಿಚೀಲದ ಮೇಲೆ ಹರವಿದರೆ ಅಂಗಸಂಖ್ಯೆ ನೂರನ್ನು ದಾಟುತ್ತದೆ. ಸ್ಮೃತಿಯ ಸ್ಥಾನವನ್ನು ಅಲ್ಲಿ ಅನುಮಾನ ಆಕ್ರಮಿಸುತ್ತದೆ.

ಲೋಹಯುಗದ ಆಚಾರ್ಯರಲ್ಲಿ ಇಬ್ಬರನ್ನು ಸ್ಮರಿಸಿದರೆ ಸಾಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು, ಸೈಕಲ್ ವ್ಯಾಪಾರದಿಂದ ಮೊದಲುಗೊಂಡು ಕಬ್ಬಿಣದ ನೇಗಿಲಿನವರೆಗೆ ಬಂದರು. ಕಬ್ಬಿಣವು ಭೂಮಿಗೆ ವಿಷವೆಂದು ರೈತರು ಶಂಕಿಸಿದ್ದರಿಂದ ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ನಿಂತವು. ಈ ಶಂಕೆಯನ್ನು ಹಾಸ್ಯ ಮಾಡುವುದು ಸಲ್ಲದು. ಕಬ್ಬಿಣವು ಭೂಮಿಗೆ ವಿಷವಾಗಲಿಲ್ಲ. ಆದರೆ ಕಬ್ಬಿಣದ ಕೆಳಗೆ ಮಲಗಿ ನಟ್ಟು ಬಿಗಿಯುವವನ ವಿಷಯದಲ್ಲಿ ಶಂಕೆಯು ಸರಿಯಾದ ದಿಕ್ಕಿನಲ್ಲಿಯೇ ಇತ್ತು.

ಎರಡನೆಯವರು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಅವರಿಗಿಂತ ಮೊದಲು ಟ್ರ್ಯಾಕ್ಟರು ನೇಗಿಲನ್ನು ಸರಪಳಿಯಿಂದಲೋ ಒಂಟಿ ಕೊಂಡಿಯಿಂದಲೋ ಎಳೆಯುತ್ತಿತ್ತು. ನೇಗಿಲು ಬಂಡೆಗೆ ತಾಗಿ ನಿಂತರೆ, ಹಗುರವಾದ ಟ್ರ್ಯಾಕ್ಟರು ತನ್ನ ಹಿಂಗಾಲಿಯ ಸುತ್ತ ತಾನೇ ತಿರುಗಿ, ಮೂತಿ ಆಕಾಶಕ್ಕೆತ್ತಿ, ಚಾಲಕನ ಮೇಲೆ ಬೀಳುತ್ತಿತ್ತು. ಫರ್ಗುಸನ್ ಕೆಳಗೆ ಎರಡು ತೋಳು, ಮೇಲೆ ಒಂದು ಕೊಂಡಿ, ಒಟ್ಟು ಮೂರು ಬಿಂದುಗಳಲ್ಲಿ ಉಪಕರಣವನ್ನು ಬಂಧಿಸುವ, ಜಲಚಾಲಿತವಾಗಿ ಎತ್ತಿ ಇಳಿಸುವ ವ್ಯವಸ್ಥೆಗೆ 1926ರಲ್ಲಿ ಪೇಟೆಂಟ್ ಪಡೆದರು. 1938ರಲ್ಲಿ ಹೆನ್ರಿ ಫೋರ್ಡ್ ಅವರೊಡನೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷ ಆ ವ್ಯವಸ್ಥೆಯುಳ್ಳ ಟ್ರ್ಯಾಕ್ಟರು ಹೊರಬಂತು. ಆ ಕೈಕುಲುಕು ಮುಂದೆ ನ್ಯಾಯಾಲಯಕ್ಕೆ ಹೋಯಿತು. ಕೀಲಿಲ್ಲದ ಬಂಧಕ್ಕೆ ಇದು ನಮ್ಮ ಶಾಸ್ತ್ರದ ಮೊದಲ ದೃಷ್ಟಾಂತ.

ಪ್ರಕರಣ 2. ಲಕ್ಷಣಪರೀಕ್ಷೆ

ಅನುಕರ್ಷ್ಯದ ಲಕ್ಷಣ: ಸ್ವತಃ ಗತಿಶೂನ್ಯವಾಗಿದ್ದು, ಗತಿಯುಳ್ಳದ್ದೊಂದರ ಪೃಷ್ಠಭಾಗದಲ್ಲಿ ಬಂಧಿತವಾಗಿ, ಆ ಬಂಧದ ಬಲದಿಂದಲೇ ಭೂಮಿಯನ್ನು ವಿದಾರಣ ಮಾಡುವ ದ್ರವ್ಯ.

ಇಲ್ಲಿ ‘ವಿದಾರಣ’ ಪದವನ್ನು ತೆಗೆದರೆ ಮದುವೆಯ ದಿಬ್ಬಣ ತುಂಬಿದ ಟ್ರೇಲರಿನಲ್ಲಿ ಅತಿವ್ಯಾಪ್ತಿಯಾಗುತ್ತದೆ. ಅದನ್ನು ಉಳಿಸಿಕೊಂಡರೂ, ಬೇಲಿಗೆಂದು ಕಡಿದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದೊಯ್ಯುವ ಜಾಲಿಕಂಟಿಯು ಊರಿನ ಕಚ್ಚಾರಸ್ತೆಯನ್ನು ಗೀರುತ್ತಾ ಹೋಗುವುದರಿಂದ ಅದರಲ್ಲಿಯೂ ಲಕ್ಷಣವು ವ್ಯಾಪಿಸೀತು. ಆದ್ದರಿಂದ ‘ಉದ್ದೇಶಪೂರ್ವಕವಾಗಿ’ ಎಂಬ ವಿಶೇಷಣ ಬೇಕು. ಆಗ, ರಸ್ತೆ ದಾಟುವಾಗ ಎತ್ತಲು ಮರೆತುದರಿಂದ ಪಂಚಾಯಿತಿಯ ಡಾಂಬರನ್ನು ಒಂಬತ್ತು ಗೆರೆಗಳಲ್ಲಿ ಉತ್ತ ಕಲ್ಟಿವೇಟರು ಆ ಇಪ್ಪತ್ತು ಮಾರಿನವರೆಗೆ ಅನುಕರ್ಷ್ಯವಲ್ಲವೆಂದು ಹೇಳಬೇಕಾಗುತ್ತದೆ. ಹೇಳುತ್ತೇವೆ.

ಹೆಚ್ಚು ಗಹನವಾದ ತೊಡಕು ರೊಟೋವೇಟರಿನದು. ಅದರ ಬ್ಲೇಡುಗಳು ಟ್ರ್ಯಾಕ್ಟರಿನ ಪಿಟಿಒ ದಂಡದಿಂದ ಶಕ್ತಿ ಪಡೆದು, ಗಾಲಿ ತಿರುಗುವ ದಿಕ್ಕಿನಲ್ಲಿಯೇ ತಿರುಗಿ ಮಣ್ಣನ್ನು ಕೊಚ್ಚುವುದರಿಂದ, ಉಪಕರಣವು ಟ್ರ್ಯಾಕ್ಟರನ್ನು ಹಿಂದಿನಿಂದ ಮುಂದಕ್ಕೆ ನೂಕುತ್ತದೆ. ಎಳೆಸಿಕೊಳ್ಳಬೇಕಾದದ್ದು ನೂಕುತ್ತಿದೆ, ಎಳೆಯಬೇಕಾದದ್ದು ನೂಕಿಸಿಕೊಳ್ಳುತ್ತಿದೆ. ಹೊರಗಿನಿಂದ ನೋಡುವವನಿಗೆ ಸ್ವಾಮಿಭೃತ್ಯಭಾವದಲ್ಲಿ ಏನೂ ವ್ಯತ್ಯಾಸ ಕಾಣದು. ಸಂಸಾರಗಳಲ್ಲಿಯೂ ಕಚೇರಿಗಳಲ್ಲಿಯೂ ಈ ಸ್ಥಿತಿ ವಿರಳವಲ್ಲವೆಂದು ಕೆಲವರು ಹೇಳಬಹುದು. ಅದು ಅನ್ಯಶಾಸ್ತ್ರದ ವಿಷಯ. ನಾವು ರೊಟೋವೇಟರನ್ನು ‘ಅನುಕರ್ಷ್ಯಾಭಾಸ’ವೆಂದು ವರ್ಗೀಕರಿಸಿ, ಅದರ ಅಪಾಯಗಳು ಮಾತ್ರ ಆಭಾಸವಲ್ಲವಾದ್ದರಿಂದ, ಮುಂದೆ ಪ್ರತ್ಯೇಕವಾಗಿ ವಿಚಾರಿಸುತ್ತೇವೆ.

ಶುದ್ಧ ಅನುಕರ್ಷ್ಯವು ದ್ವಿವಿಧ. ತನ್ನ ಭಾರವನ್ನು ನೆಲದ ಮೇಲೆ ತಾನೇ ಹೊತ್ತು, ಒಂದೇ ಕೊಂಡಿಯಿಂದ ಹಿಂಬಾಲಿಸುವುದು ಲಂಬಿತ. ದೊಡ್ಡ ಡಿಸ್ಕ್ ಹ್ಯಾರೋ ಇದರ ಉದಾಹರಣೆ. ಮೂರು ಬಿಂದುಗಳಲ್ಲಿ ಸಿಕ್ಕಿ, ಚಾಲಕನ ಇಚ್ಛೆಯಂತೆ ಆಕಾಶಕ್ಕೇರುವುದು ಆರೂಢ. ಪಲ್ಟಿ ನೇಗಿಲು, ಕಲ್ಟಿವೇಟರುಗಳು ಇದಕ್ಕೆ ಸೇರುತ್ತವೆ. ಅರ್ಧಾರೂಢವೆಂಬ ಮೂರನೆಯದನ್ನು ಕೆಲವರು ಒಪ್ಪುತ್ತಾರೆ. ಇರಲಿ.

ಪ್ರಕರಣ 3. ಸಂಬಂಧ

ವೈಶೇಷಿಕರು ಸಂಬಂಧವನ್ನು ಎರಡಾಗಿ ಕಾಣುತ್ತಾರೆ. ಬಿಡಿಸಲು ಸಾಧ್ಯವಾದದ್ದು ಸಂಯೋಗ, ಬಿಡಿಸಲು ಅಸಾಧ್ಯವಾದದ್ದು ಸಮವಾಯ. ಕೈಗೂ ಪುಸ್ತಕಕ್ಕೂ ಇರುವುದು ಸಂಯೋಗ. ನೂಲಿಗೂ ಬಟ್ಟೆಗೂ ಇರುವುದು ಸಮವಾಯ. ಪಿನ್ನಿಗೂ ರಂಧ್ರಕ್ಕೂ ಇರುವುದು ಯಾವುದು? ಅಂಗಡಿಯಿಂದ ತಂದ ದಿನ ನಿಸ್ಸಂದೇಹವಾಗಿ ಸಂಯೋಗ. ಅದೇ ಪಿನ್ನು ಗ್ರೀಸಿಲ್ಲದೆ ಒಂದು ಮುಂಗಾರು, ಒಂದು ಹಿಂಗಾರು ಹಾಗೆಯೇ ಕುಳಿತರೆ ತುಕ್ಕಿನ ಮಧ್ಯಸ್ಥಿಕೆಯಿಂದ ಸಂಯೋಗವು ಸಮವಾಯವಾಗಿ ಪರಿಣಮಿಸುತ್ತದೆ. ವೈಶೇಷಿಕ ಸೂತ್ರಕಾರನಾದ ಕಣಾದನು ಈ ಪರಿಣಾಮವನ್ನು ಒಪ್ಪುತ್ತಿರಲಿಲ್ಲ. ಅವನ ಬಳಿ ಕಲ್ಟಿವೇಟರು ಇರಲಿಲ್ಲ.

ತುಕ್ಕಿನಿಂದಾದ ಸಮವಾಯದ ಭೇದನಕ್ಕೆ ಉಪಾಯಗಳು ಮೂರು: ಸೇಚನ, ತಾಡನ, ತಾಪನ. ಸೇಚನವೆಂದರೆ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಿಂದಿನ ರಾತ್ರಿಯೇ ಹಾಕಿ ಮಲಗುವುದು. ಮೂರರಲ್ಲಿ ಇದೊಂದೇ ವಿವೇಕಿಯ ಮಾರ್ಗ, ಆದ್ದರಿಂದ ಕೊನೆಗೆ ನೆನಪಾಗುತ್ತದೆ. ತಾಡನದಲ್ಲಿ ಸುತ್ತಿಗೆಯು ಪಿನ್ನಿನ ತುದಿಯನ್ನು ಅಣಬೆಯಂತೆ ಅರಳಿಸಿ, ಆವರೆಗೆ ಒಂದು ಕಡೆಯಿಂದ ಬರಬಹುದಾಗಿದ್ದುದನ್ನು ಎರಡು ಕಡೆಯಿಂದಲೂ ಬಾರದಂತೆ ಮಾಡುತ್ತದೆ; ಸಿಡಿದ ಲೋಹಕಣವು ಕಣ್ಣನ್ನೇ ಹುಡುಕಿ ಹೋಗುವುದರಿಂದ ಕನ್ನಡಕ ಅವಶ್ಯಕ, ಓದುವ ಕನ್ನಡಕ ಸಾಲದು. ತಾಪನವು ವೆಲ್ಡಿಂಗ್ ಅಂಗಡಿಯವನ ಅಧಿಕಾರಕ್ಷೇತ್ರ.

ಪ್ರಕರಣ 4. ಕೀಲಾಭಾವ

ಇದು ಶಾಸ್ತ್ರದ ಹೃದಯ. ವಾಚಕರು ನಿಧಾನವಾಗಿ ಓದಬೇಕು.

ಕೀಲವು ದ್ವಿವಿಧ: ಮಹಾಕೀಲ, ಅಣುಕೀಲ. ಉಪಕರಣವನ್ನೂ ಕೊಂಡಿಯನ್ನೂ ಹೊಲಿಯುವ ದಪ್ಪ ಪಿನ್ನು ಮಹಾಕೀಲ. ಮಹಾಕೀಲವು ಜಾರದಂತೆ ಅದರ ತುದಿಯ ತೂತಿನಲ್ಲಿ ಕೂರುವ, ಉಂಗುರವುಳ್ಳ ಲಿಂಚ್ ಪಿನ್ನು ಅಣುಕೀಲ. ಎತ್ತಿನ ಗಾಡಿಯ ಕಾಲದಲ್ಲಿ ಅಚ್ಚಿನ ತುದಿಗೆ ಇದೇ ಕೆಲಸ ಮಾಡುತ್ತಿದ್ದುದು ಕಡಾಣಿ. ನಾಲ್ಕು ಕ್ವಿಂಟಲಿನ ಲೋಹವನ್ನು ಮಹಾಕೀಲ ಹಿಡಿಯುತ್ತದೆ, ಮಹಾಕೀಲವನ್ನು ಅಣುಕೀಲ ಹಿಡಿಯುತ್ತದೆ, ಅಣುಕೀಲವನ್ನು ಯಾರೂ ಹಿಡಿಯುವುದಿಲ್ಲ. ಆದ್ದರಿಂದ ಅದು ಬೀಳುತ್ತದೆ. ಬಿದ್ದ ಮೇಲೆ ಮಹಾಕೀಲವು ಕಂಪನದಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿದು, ಹೊಲದ ತಿರುವಿನಲ್ಲಿ, ಚಾಲಕನು ಬೀಡಿ ಹಚ್ಚುವ ಕ್ಷಣದಲ್ಲಿ, ಸಂಪೂರ್ಣ ಹೊರಬರುತ್ತದೆ.

ಈಗ ಮೂಲಪ್ರಶ್ನೆ: “ಪಿನ್ ಇಲ್ಲ” ಎಂಬಲ್ಲಿ ‘ಇಲ್ಲ’ ಎಂದರೇನು? ನೈಯಾಯಿಕರು ಅಭಾವವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ, ನಾಲ್ಕೂ ಹೊಲದಲ್ಲಿ ಲಭ್ಯ.

ಒಂದು, ಪ್ರಾಗಭಾವ: ಉತ್ಪತ್ತಿಗೆ ಮುಂಚಿನ ಇಲ್ಲದಿರುವಿಕೆ. ಹೊಸ ಉಪಕರಣವನ್ನು ಮನೆಗೆ ಇಳಿಸಿದಾಗ ಪಿನ್ನುಗಳ ಪೊಟ್ಟಣ ಇರುವುದಿಲ್ಲ. “ಸೋಮವಾರ ಕಳಿಸ್ತೀವಿ” ಎಂಬ ಆಪ್ತವಾಕ್ಯ ಮಾತ್ರ ಇರುತ್ತದೆ. ಪ್ರಾಗಭಾವವು ಅನಾದಿಯಾದರೂ ಸಾಂತವೆಂದು ಶಾಸ್ತ್ರವಚನ. ಲೇಖಕನ ಅನುಭವದಲ್ಲಿ ಇದರ ಅಂತ್ಯಕ್ಕೆ ಏಳು ಸೋಮವಾರಗಳು ಹಿಡಿದವು.

ಎರಡು, ಪ್ರಧ್ವಂಸಾಭಾವ: ಇದ್ದುದು ನಾಶವಾಗಿ ಇಲ್ಲವಾಗುವುದು. ಪಿನ್ನು ಮುರಿದಿದೆ, ತುಂಡುಗಳು ಕೈಯಲ್ಲಿವೆ. ನಾಲ್ಕರಲ್ಲಿ ಅತ್ಯಂತ ನೆಮ್ಮದಿಯ ಅಭಾವವಿದು, ಹುಡುಕುವ ಹಂಗಿಲ್ಲ.

ಮೂರು, ಅತ್ಯಂತಾಭಾವ: ತ್ರಿಕಾಲದಲ್ಲಿಯೂ ಇಲ್ಲದಿರುವುದು. ಪ್ರತಿ ರೈತನ ಮನೆಯಲ್ಲಿಯೂ ಹಳೆಯ ಬೋಲ್ಟುಗಳ ಡಬ್ಬಿಯೊಂದಿದೆ. ಅದರಲ್ಲಿ ಎಲ್ಲ ಅಳತೆಯ ಬೋಲ್ಟುಗಳಿರುತ್ತವೆ, ಬೇಕಾದದ್ದೊಂದನ್ನು ಬಿಟ್ಟು. ಅಳತೆಯು ನಾಳೆ ಬದಲಾದರೆ ಡಬ್ಬಿಯ ಅತ್ಯಂತಾಭಾವವೂ ಅದರೊಡನೆ ಸ್ಥಾನಾಂತರ ಹೊಂದುತ್ತದೆ.

ನಾಲ್ಕು, ಅನ್ಯೋನ್ಯಾಭಾವ: ಇದು ಅದಲ್ಲ, ಅದು ಇದಲ್ಲ. ಮೂರು ಬಿಂದುಗಳ ಬಂಧಕ್ಕೆ ಅಂತರರಾಷ್ಟ್ರೀಯ ವರ್ಗಗಳಿವೆ. ಒಂದನೆಯ ವರ್ಗದಲ್ಲಿ ಮೇಲ್ಕೊಂಡಿಯ ಪಿನ್ನು ಸುಮಾರು 19 ಮಿ.ಮೀ., ಕೆಳತೋಳಿನದು 22. ಎರಡನೆಯ ವರ್ಗದಲ್ಲಿ ಕ್ರಮವಾಗಿ 25 ಮತ್ತು 28. ಇಪ್ಪತ್ತೆರಡರ ಪಿನ್ನನ್ನು ಇಪ್ಪತ್ತೆಂಟರ ರಂಧ್ರಕ್ಕೆ ಹಾಕಿದರೆ ಹೋಗುತ್ತದೆ. ಹೋಗುತ್ತದೆ ಎಂಬುದೇ ಇಲ್ಲಿಯ ದೋಷ. ಆರು ಮಿಲಿಮೀಟರಿನ ಆ ಶೂನ್ಯದಲ್ಲಿ ಉಪಕರಣವು ದಿನಕ್ಕೆ ಸಾವಿರಾರು ಸಲ ಬಡಿದು, ದುಂಡಗಿನ ರಂಧ್ರವನ್ನು ಹಲಸಿನ ಬೀಜದ ಆಕಾರಕ್ಕೆ ತರುತ್ತದೆ. ಇದಕ್ಕೆ ಬುಷ್ ಎಂಬ ಮಧ್ಯವರ್ತಿ ಸಿಗುತ್ತದೆ, ಹಾಕಬೇಕು.

ನಮ್ಮ ಹೊಲದ ಘಟನೆಯಲ್ಲಿ, ಹಳೆಯ ಕಲ್ಟಿವೇಟರಿನ ಮೇಲ್ಕೊಂಡಿಯ 19 ಮಿ.ಮೀ. ಮಹಾಕೀಲವು ಅಣುಕೀಲ ಸಮೇತ ಮಾಯವಾಗಿತ್ತು. ನಾಲ್ವರು, ಎಂಟು ಸಾಲು, ಎರಡು ತಾಸು ಹುಡುಕಿದೆವು. ತುಂಡು ಸಿಗದ ಕಾರಣ ಪ್ರಧ್ವಂಸವೆಂದು ನಿರ್ಣಯಿಸಲು ಪ್ರಮಾಣವಿರಲಿಲ್ಲ. ಆದರೂ ಮಳೆ ಬಂದುದರಿಂದ ಹಾಗೆಯೇ ನಿರ್ಣಯಿಸಿ ಮನೆಗೆ ಬಂದೆವು.

ಪ್ರಕರಣ 5. ಪ್ರತಿನಿಧಿ

ಯಾಗಕ್ಕೆ ಸೋಮಲತೆ ಸಿಗದಿದ್ದರೆ ಪೂತೀಕವನ್ನು ಬಳಸಬಹುದೆಂದು ಮೀಮಾಂಸಕರು ವಿಚಾರಿಸಿದ್ದಾರೆ. ಅಣುಕೀಲ ಸಿಗದಿದ್ದರೆ ಏನನ್ನು ಬಳಸುತ್ತಾರೆಂಬುದರ ಕ್ಷೇತ್ರಾಧ್ಯಯನ ಇಲ್ಲಿದೆ. ತಂತುರೂಪ: ಸೆಂಟ್ರಿಂಗ್ ಕೆಲಸದ ತಂತಿ, ಮೂರು ಸುತ್ತು. ಶಂಕುರೂಪ: ಬಗ್ಗಿಸಿದ ಮೊಳೆ, ಇದು ಪಿನ್ನನ್ನು ಹಿಡಿಯುವುದಕ್ಕಿಂತ ಪಕ್ಕದಲ್ಲಿ ಹಾದುಹೋಗುವವನ ಪ್ಯಾಂಟನ್ನು ಹೆಚ್ಚು ಹಿಡಿಯುತ್ತದೆ. ಆಯುಧರೂಪ: ಸ್ಕ್ರೂಡ್ರೈವರ್, ಇದರಲ್ಲಿ ಸಂಜೆಯ ವೇಳೆಗೆ ನಷ್ಟವಾದ ವಸ್ತುಗಳ ಸಂಖ್ಯೆ ಎರಡಾಗುತ್ತದೆ. ವಾನಸ್ಪತ್ಯ: ಜಾಲಿಯ ಕಡ್ಡಿ, ಹಸಿಯದು. ಶಾರೀರ: ಬೆರಳು.

ಕೊನೆಯದನ್ನು ಕುರಿತು ವಿಸ್ತರಿಸಬೇಕು. ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿಯು ಅದರ ಜಾಗದಲ್ಲಿ ಬೆರಳಿಟ್ಟು ಗಾಲಿಯನ್ನು ಉಳಿಸಿದಳೆಂಬ ಕಥೆ ಜನಜನಿತ. ವಾಲ್ಮೀಕಿಯಲ್ಲಿ ಬೆರಳಿನ ಪ್ರಸ್ತಾಪವಿಲ್ಲ, ರಣದಿಂದ ರಾಜನನ್ನು ಪಾರುಮಾಡಿದ್ದು ಮಾತ್ರ ಇದೆ. ಜನಪದದ ಪಾಠವನ್ನೇ ಹಿಡಿದರೆ, ಒಂದು ಅಣುಕೀಲದ ಪ್ರತಿನಿಧಿಗೆ ತೆತ್ತ ಬೆಲೆ ಎರಡು ವರ, ಹದಿನಾಲ್ಕು ವರ್ಷದ ವನವಾಸ ಮತ್ತು ಒಬ್ಬ ರಾಜನ ಪ್ರಾಣ. ಬಿಡಿಭಾಗದ ಅಂಗಡಿಯಲ್ಲಿ ಲಿಂಚ್ ಪಿನ್ನಿನ ಬೆಲೆ ಒಂದು ಊಟಕ್ಕಿಂತ ಕಡಿಮೆ. ಆದರೂ ಇಂದಿಗೂ ಕೊಂಡಿಯ ರಂಧ್ರವೂ ಉಪಕರಣದ ರಂಧ್ರವೂ ನೇರಕ್ಕೆ ಬಂದಿವೆಯೇ ಎಂದು ಬೆರಳು ತೂರಿಸಿ ಪರೀಕ್ಷಿಸುವವರಿದ್ದಾರೆ. ಎರಡು ರಂಧ್ರಗಳು ಒಂದರ ಮೇಲೊಂದು ಅರ್ಧ ಅಂಗುಲ ಸರಿದರೆ ಅದಕ್ಕೆ ಕತ್ತರಿಯೆಂದು ಹೆಸರು. ಪರೀಕ್ಷೆಗೆ ಮೊನಚಾದ ಕಬ್ಬಿಣದ ಸರಳು ಸಾಕು; ಅದಕ್ಕೆ ವರ ಕೊಡಬೇಕಾಗಿಲ್ಲ.

ಮೀಮಾಂಸಕರ ಇನ್ನೊಂದು ಸಿದ್ಧಾಂತ: ಹೆಸರುಕಾಳಿಗೆ ಉದ್ದು ಎಷ್ಟೇ ಸದೃಶವಾದರೂ, ಯಾಗಕ್ಕೆ ನಿಷಿದ್ಧವಾದುದರಿಂದ ಪ್ರತಿನಿಧಿಯಾಗಲಾರದು. ರೊಟೋವೇಟರಿನ ದಂಡದಲ್ಲಿರುವ ಶಿಯರ್ ಬೋಲ್ಟಿನ ವಿಷಯದಲ್ಲಿ ಇದು ಅಕ್ಷರಶಃ ಅನ್ವಯ. ಆ ಬೋಲ್ಟಿನ ಪುರುಷಾರ್ಥವು ಮುರಿಯುವುದು. ಬ್ಲೇಡು ಕಲ್ಲಿಗೆ ಸಿಕ್ಕಾಗ ಅದು ತಾನು ತುಂಡಾಗಿ ಗೇರ್‌ಬಾಕ್ಸನ್ನು ಉಳಿಸುತ್ತದೆ. ಮೂರು ಸಲ ಮುರಿದ ಮೇಲೆ ಯಜಮಾನನು ರೋಸಿ, ತಲೆಯ ಮೇಲೆ 8.8 ಎಂದು ಕೆತ್ತಿದ ಬೋಲ್ಟನ್ನೋ, ಅದಕ್ಕೂ ಗಟ್ಟಿಯಾದುದನ್ನೋ ತಂದು ಹಾಕುತ್ತಾನೆ. ಆ ಅಂಕಿಗಳ ನಿರ್ವಚನ ಹೀಗೆ: ಮೊದಲ ಎಂಟು, ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತವನ್ನು ತಾಳುವ ಶಕ್ತಿ, ಬಿಂದುವಿನ ನಂತರದ ಎಂಟು, ಅದರ ಶೇಕಡಾ 80ರವರೆಗೆ, ಎಂದರೆ 640ರವರೆಗೆ, ಶಾಶ್ವತವಾಗಿ ಹಿಗ್ಗದಿರುವ ಗುಣ. ಉಪಕರಣದ ಪುಸ್ತಕವು ಹೇಳಿದ ದರ್ಜೆಯೇ ಅದಾಗಿದ್ದರೆ ಬಾಧಕವಿಲ್ಲ. ಹೇಳಿದ್ದಕ್ಕಿಂತ ಮೇಲಿನದಾದರೆ ಬೋಲ್ಟು ಮುರಿಯುವುದಿಲ್ಲ, ಗೇರ್‌ಬಾಕ್ಸು ಮುರಿಯುತ್ತದೆ. ಎಂದರೆ ಯಜಮಾನನು ಐದು ನಿಮಿಷದಲ್ಲಿ ಬದಲಿಸಬಹುದಾದ ಶಿಯರ್ ಬೋಲ್ಟನ್ನು ತೆಗೆದು, ಅದರ ಸ್ಥಾನದಲ್ಲಿ ಗೇರ್‌ಬಾಕ್ಸನ್ನೇ ಶಿಯರ್ ಬೋಲ್ಟಾಗಿ ನಿಯೋಜಿಸಿದ್ದಾನೆ.

ಪ್ರಕರಣ 6. ಯೋಜನ, ಶೇಷ, ದಿಕ್ಕು

ಯೋಜನವೆಂದರೆ ಬಿಡಿಯಾಗಿ ಬಂದುದನ್ನು ಇಡಿಯಾಗಿಸುವುದು. ಡಿಸ್ಕ್ ಹ್ಯಾರೋವನ್ನು ದೃಷ್ಟಾಂತವಾಗಿ ಸ್ವೀಕರಿಸೋಣ. ಚೌಕಾಕಾರದ ಅಚ್ಚಿಗೆ ಒಂದು ಡಿಸ್ಕು, ಒಂದು ಸ್ಪೂಲು, ಮತ್ತೊಂದು ಡಿಸ್ಕು, ನಿಯತಸ್ಥಾನಗಳಲ್ಲಿ ಬೇರಿಂಗು, ಹೀಗೆ ಮಣಿಸರದಂತೆ ಪೋಣಿಸಿ, ತುದಿಯ ಮಹಾನಟ್ಟನ್ನು ಬಿಗಿದರೆ ಒಂದು ಗ್ಯಾಂಗ್ ಸಿದ್ಧ. ಈ ನಟ್ಟು ಸಡಿಲವಾದರೆ ಡಿಸ್ಕುಗಳು ಅಚ್ಚಿನ ಮೇಲೆ ಅಲ್ಲಾಡಿ, ಚೌಕರಂಧ್ರವು ಕಾಲಕ್ರಮದಲ್ಲಿ ವೃತ್ತವಾಗುತ್ತದೆ. ಜ್ಯಾಮಿತಿಯ ಬಹುಪ್ರಯತ್ನಿತ ಸಮಸ್ಯೆಯೊಂದು ಇಲ್ಲಿ ತಾನಾಗಿ, ದುಬಾರಿಯಾಗಿ, ಪರಿಹಾರವಾಗುತ್ತದೆ.

ಬಿಗಿತವು ದ್ವಿವಿಧ: ತಾತ್ಕಾಲಿಕ, ಪಾರಮಾರ್ಥಿಕ. ಚೌಕಟ್ಟಿನ ಬೋಲ್ಟುಗಳೆಲ್ಲವನ್ನೂ ಮೊದಲು ಕೈಬಿಗಿಯಷ್ಟೇ ಕೂರಿಸಿ, ಎಲ್ಲವೂ ಸ್ಥಾನಕ್ಕೆ ಬಂದ ಮೇಲೆ ಸ್ಪ್ಯಾನರಿನಿಂದ ಬಿಗಿಯಬೇಕು. ಮೊದಲನೆಯದನ್ನೇ ಪರಮಾರ್ಥವೆಂದು ಬಿಗಿದವನಿಗೆ ಕೊನೆಯ ರಂಧ್ರ ಎಂದೂ ಎದುರಾಗಿ ಬರುವುದಿಲ್ಲ. ಪಾರಮಾರ್ಥಿಕವೂ ಪೂರ್ಣವಲ್ಲ: ಹೊಸ ಉಪಕರಣವು ಕೆಲವು ತಾಸು ಉತ್ತ ಬಳಿಕ ಪುನಃ ಎಲ್ಲವನ್ನೂ ಬಿಗಿಯಬೇಕು. ಡಿಸ್ಕಿನ ಅಂಚು ಕೈಗವಸನ್ನು ಕೇಳುತ್ತದೆ. ಕೊಡದಿದ್ದರೆ ಕೈಯನ್ನು ತೆಗೆದುಕೊಳ್ಳುತ್ತದೆ.

ಯೋಜನಾಂತ್ಯದಲ್ಲಿ ಗೋಣಿಚೀಲದ ಮೇಲೆ ಏನಾದರೂ ಉಳಿಯುತ್ತದೆ. ಇದಕ್ಕೆ ಶೇಷವೆಂದು ಹೆಸರು. ಶೇಷವೆಂದರೆ ಪರಾರ್ಥವಾದದ್ದು, ಮತ್ತೊಂದಕ್ಕಾಗಿ ಇರುವಂಥದ್ದು ಎಂದು ಮೀಮಾಂಸಾಸೂತ್ರಕಾರ ಜೈಮಿನಿಯ ಮತ. ಎರಡು ವಾಶರು ಉಳಿದಾಗ “ಇವು ಬೇರೆ ಮಾಡೆಲ್ಲಿನವು” ಎಂದು ಜೋಡಿಸಿದವನು ಹೇಳುವ ಮಾತು ಇದಕ್ಕೆ ಸಂಪೂರ್ಣ ಸಮ್ಮತವಾಗಿದೆ. ಆದರೆ ಪ್ರಸ್ತುತ ಶಾಸ್ತ್ರದ ನಿಲುವು ಭಿನ್ನ. ವಾಶರಿನ ಶೇಷ ಕ್ಷಮ್ಯ; ಸ್ಪ್ರಿಂಗ್ ವಾಶರಿನ ಶೇಷ ಶಂಕಾಸ್ಪದ; ಬೇರಿಂಗಿನ ಶೇಷ ಉಂಟಾದರೆ ಆರಂಭದಿಂದ ಬಿಚ್ಚತಕ್ಕದ್ದು.

ದಿಕ್ಕನ್ನು ವೈಶೇಷಿಕರು ಒಂಬತ್ತು ದ್ರವ್ಯಗಳಲ್ಲಿ ಒಂದೆಂದು ಎಣಿಸಿದ್ದು ಎಷ್ಟು ದೂರದೃಷ್ಟಿಯೆಂಬುದು ಗ್ಯಾಂಗನ್ನು ಕೂರಿಸುವಾಗ ತಿಳಿಯುತ್ತದೆ. ಮುಂದಿನ ಗ್ಯಾಂಗಿನ ಡಿಸ್ಕುಗಳ ತಗ್ಗು ಒಂದು ಪಕ್ಕಕ್ಕೆ, ಹಿಂದಿನದರ ತಗ್ಗು ವಿರುದ್ಧಪಕ್ಕಕ್ಕೆ ಇರಬೇಕು. ಮೊದಲನೆಯದು ಎಸೆದ ಮಣ್ಣನ್ನು ಎರಡನೆಯದು ಮರಳಿಸುತ್ತದೆ. ಕೈಪಿಡಿಗಳಲ್ಲಿ ‘ಎಡ’ ಎಂದರೆ ಉಪಕರಣದ ಹಿಂದೆ ನಿಂತು, ಅದು ಸಾಗುವ ಕಡೆಗೆ ಮುಖ ಮಾಡಿದವನ ಎಡ. ಚೌಕಟ್ಟಿನ ಕೆಳಗೆ ಅಂಗಾತ ಮಲಗಿದವನ ಎಡವಲ್ಲ, ಎದುರು ನಿಂತು ಉಪದೇಶಿಸುವವನ ಎಡವಲ್ಲ. ನಮ್ಮಲ್ಲಿ ಒಮ್ಮೆ ಮೂವರು ಏಕಕಾಲಕ್ಕೆ ಮೂರು ಎಡಗಳನ್ನು ಪ್ರತಿಪಾದಿಸಿ, ಎರಡೂ ಗ್ಯಾಂಗುಗಳನ್ನು ಒಂದೇ ಪಕ್ಕಕ್ಕೆ ತಗ್ಗಾಗಿ ಕೂರಿಸಿದೆವು. ಹ್ಯಾರೋ ಅರ್ಧ ಎಕರೆಯವರೆಗೆ ಟ್ರ್ಯಾಕ್ಟರನ್ನು ಪಕ್ಕದ ಹೊಲದವರ ಕಡೆಗೆ ನಿಷ್ಠೆಯಿಂದ ಎಳೆಯಿತು. ಬದು ಒತ್ತುವರಿಯ ಹಳೆಯ ವ್ಯಾಜ್ಯವೊಂದು ಆ ದಿನ ಪುನರುಜ್ಜೀವನ ಪಡೆಯಿತು.

ಪ್ರಕರಣ 7. ಸ್ನೇಹ

ಇಪ್ಪತ್ತನಾಲ್ಕು ಗುಣಗಳಲ್ಲಿ ಸ್ನೇಹವೂ ಒಂದು. ಅದು ನೀರಿಗೆ ಮಾತ್ರ ಸೇರಿದ್ದೆಂದು ವೈಶೇಷಿಕರು ಹೇಳುತ್ತಾರೆ. ಗ್ರೀಸಿನ ನೀಲಿ ಡಬ್ಬಿಯನ್ನು ಅವರ ಮುಂದೆ ತೆರೆದಿಡಲು ಸಾಧ್ಯವಾಗದಿರುವುದು ವಿಷಾದಕರ. ಸ್ನೇಹದ್ವಾರಗಳು, ಎಂದರೆ ಗ್ರೀಸ್ ನಿಪ್ಪಲುಗಳು, ಚತುರ್ವಿಧ: ದೃಶ್ಯ, ಪಂಕಗೂಢ, ವರ್ಣಗೂಢ, ಕಲ್ಪಿತ. ಪಂಕಗೂಢವನ್ನು ಮೊದಲು ಒರೆಸದೆ ಗನ್ನಿಟ್ಟರೆ ಮಣ್ಣೇ ಮೊದಲು ಒಳಹೋಗುತ್ತದೆ. ವರ್ಣಗೂಢವು ಕಾರ್ಖಾನೆಯ ಬಣ್ಣದ ಕೆಳಗಿರುವುದು. ಕಲ್ಪಿತವು ಪುಸ್ತಕದ ಚಿತ್ರದಲ್ಲಿ ಮಾತ್ರ ಇರುವುದು. ಎಂಟು ಹತ್ತು ತಾಸಿನ ದುಡಿಮೆಗೊಮ್ಮೆ, ಕೈಪಿಡಿ ಬೇರೆ ಹೇಳದಿದ್ದರೆ, ಸ್ನೇಹಪ್ರದಾನ ಮಾಡತಕ್ಕದ್ದು.

ಪ್ರಕರಣ 8. ಪತನ ಮತ್ತು ಭ್ರಮಣ

ಸಂಯೋಗವಿಲ್ಲದಿದ್ದಾಗ ಗುರುತ್ವದಿಂದ ಪತನವಾಗುತ್ತದೆಂದು ಕಣಾದನು ಕಂಡಿದ್ದಾನೆ. ಜಲಚಾಲಿತ ತೋಳುಗಳು ಎತ್ತಿ ಹಿಡಿದ ನೇಗಿಲು ಸಂಯೋಗದಲ್ಲಿದೆಯೇ? ಹಿಡಿದಿರುವುದು ಎಣ್ಣೆ. ಎಣ್ಣೆಯನ್ನು ಹಿಡಿದಿರುವುದು ರಬ್ಬರಿನ ಸೀಲು. ಸೀಲನ್ನು ಹಿಡಿದಿರುವುದು ಹಿಂದಿನ ಮಾಲೀಕನ ಮಾತು. ಆಡುತ್ತಿರುವ ಮಗುವು ಮುಟ್ಟಬಹುದಾದಷ್ಟು ಎತ್ತರದಲ್ಲಿ ಲಿವರು ಇದೆ. ಆದ್ದರಿಂದ ಎತ್ತಿದ ಉಪಕರಣವನ್ನು ‘ಇನ್ನೂ ಬಿದ್ದಿರದ ಉಪಕರಣ’ವೆಂದೇ ನಿರ್ವಚಿಸಬೇಕು. ಕೆಳಗೆ ಹೋಗಲೇಬೇಕಾದರೆ ಮರದ ದಿಮ್ಮಿಗಳ ಮೇಲೆ ಅದನ್ನು ಕೂರಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋಗಬೇಕು. ಇಟ್ಟಿಗೆಯ ಆಸರೆಯು ಹೆಂಟೆಯ ಆಸರೆಗಿಂತ ಒಂದು ದರ್ಜೆ ಮೇಲು, ಅಷ್ಟೆ. ಎಣ್ಣೆಯ ಪೈಪಿನಲ್ಲಿ ಸೂಜಿಯ ಮೊನೆಯಷ್ಟು ತೂತಿದ್ದರೆ ಅದನ್ನು ಕೈಯಾಡಿಸಿ ಹುಡುಕಬಾರದು. ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಬೇಕು.

ಎಳೆಯುವ ಬಿಂದುವಿನ ಎತ್ತರವೂ ಪತನಹೇತು. ಮರದ ಬೊಡ್ಡೆಯನ್ನು ಕೀಳಲೆಂದು ಸರಪಳಿಯನ್ನು ಮೇಲ್ಕೊಂಡಿಗೆ ಕಟ್ಟುವವನು ಫರ್ಗುಸನ್ನನಿಗಿಂತ ಹಿಂದಿನ ಕಾಲಕ್ಕೆ ಟ್ರ್ಯಾಕ್ಟರನ್ನು ಒಯ್ಯುತ್ತಾನೆ. ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟತಕ್ಕದ್ದು.

ಭ್ರಮಣವಿಚಾರದಲ್ಲಿ ಗಣಿತ ಅನಿವಾರ್ಯ. ಪಿಟಿಒ ದಂಡವು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 9. ದಂಡದ ವ್ಯಾಸ 35 ಮಿ.ಮೀ.; ಪರಿಧಿ ಸುಮಾರು 11 ಸೆಂ.ಮೀ. ಒಂಬತ್ತು ಸುತ್ತಿಗೆ ಸುಮಾರು ಒಂದು ಮೀಟರ್. ನಾಲ್ಕು ಮೊಳದ ಪಂಚೆಯ ಉದ್ದ ಸುಮಾರು 1.8 ಮೀಟರ್. ಆದ್ದರಿಂದ ಅಂಚು ಸಿಕ್ಕಿದ ಕ್ಷಣದಿಂದ ಪಂಚೆಯು ಸಂಪೂರ್ಣವಾಗಿ ದಂಡದ ಸ್ವತ್ತಾಗಲು ಎರಡು ಸೆಕೆಂಡು ಬೇಡ. “ಅಯ್ಯೋ” ಎಂದು ಕೂಗಿ, ಆ ಕೂಗು ಚಾಲಕನಿಗೆ ಕೇಳಿ, ಅವನು ತಿರುಗಿ ನೋಡಿ, ಕ್ಲಚ್ ತುಳಿಯಲು ಬೇಕಾದ ಕಾಲವನ್ನು ಲೇಖಕನು ಕೈಗಡಿಯಾರ ಹಿಡಿದು, ಎಂಜಿನ್ ಚಾಲೂ ಇಟ್ಟು, ದಂಡವನ್ನು ನಿಲ್ಲಿಸಿ, ಪ್ರಯೋಗಾರ್ಥ ಅಳೆದನು: ನಾಲ್ಕು ಸೆಕೆಂಡು. ಪಂಚೆ ಎರಡು ಸೆಕೆಂಡಿನಲ್ಲಿ ಮುಗಿದ ಮೇಲೆ ಉಳಿದ ಎರಡು ಸೆಕೆಂಡಿನಲ್ಲಿ ದಂಡವು ಏನನ್ನು ಸುತ್ತಿಕೊಳ್ಳುತ್ತದೆಂಬುದು ಉಟ್ಟವನಿಗೆ ಸಂಬಂಧಿಸಿದ ವಿಷಯ. ಸೆರಗು, ವೇಲು, ಹೆಗಲ ಮೇಲಿನ ಟವೆಲು, ಜಡೆ, ಇವುಗಳಿಗೂ ಇದೇ ಗಣಿತ. ದಂಡದ ಮೇಲೆ ಪ್ಲಾಸ್ಟಿಕ್ ಕವಚವೊಂದು ಕಾರ್ಖಾನೆಯಿಂದಲೇ ಬರುತ್ತದೆ. ನಮ್ಮೂರಿನಲ್ಲಿ ಅಂಥ ಒಂದು ಕವಚವು ಕೊಟ್ಟಿಗೆಯ ಸೂರಿನ ನೀರನ್ನು ಹಂಡೆಗೆ ಬಿಡುವ ಕೊಳವೆಯಾಗಿ ಸೇವೆಯಲ್ಲಿದೆ.

ಹಿಂದಕ್ಕೆ ಬರುವ ಟ್ರ್ಯಾಕ್ಟರಿಗೂ ಕಾಯುತ್ತಿರುವ ಉಪಕರಣಕ್ಕೂ ನಡುವೆ ನಿಲ್ಲುವವನನ್ನು ಮಧ್ಯಸ್ಥನೆಂದು ಕರೆಯುತ್ತೇವೆ. ಅವನು “ಬರ್ಲಿ, ಬರ್ಲಿ, ಬರ್ಲಿ” ಎನ್ನುತ್ತಾನೆ. ನಂತರ “ಬ್ಯಾಡ” ಎನ್ನುತ್ತಾನೆ. ಎಂಜಿನ್ನಿನ ಶಬ್ದದಲ್ಲಿ ಎರಡರಲ್ಲಿಯೂ ಕೇಳಿಸುವುದು ಬಕಾರವೊಂದೇ. ಶಬ್ದಪ್ರಮಾಣವು ಇಲ್ಲಿ ಸೋಲುವುದರಿಂದ ಮಧ್ಯಸ್ಥನ ಪದವಿಯನ್ನೇ ರದ್ದುಪಡಿಸಲಾಗಿದೆ. ಟ್ರ್ಯಾಕ್ಟರು ನಿಲ್ಲಬೇಕು, ಬ್ರೇಕು ಬೀಳಬೇಕು, ಆಮೇಲೆ ಮನುಷ್ಯನು ನಡುವೆ ಬರಬೇಕು.

ಪ್ರಕರಣ 9. ಅವಸ್ಥಾಚತುಷ್ಟಯ

ಉಳುತ್ತಿರುವಾಗ ಜಾಗ್ರತ್. ರಸ್ತೆಯ ಮೇಲೆ ಎತ್ತಿಕೊಂಡು ಹೋಗುವಾಗ ಸ್ವಪ್ನ. ಆಗ ಹಿಂದಿನವರಿಗೆ ಕಾಣುವಂತೆ ಕೆಂಪು ಪ್ರತಿಫಲಕ ಇರತಕ್ಕದ್ದು. ಹಂಗಾಮು ಮುಗಿದ ಮೇಲೆ ತೊಳೆದು, ಡಿಸ್ಕಿಗೂ ಗುಳಕ್ಕೂ ಹಳೆಯ ಎಂಜಿನ್ ಎಣ್ಣೆ ಬಳಿದು, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಳಿಸಿಟ್ಟರೆ ಸುಷುಪ್ತಿ. ಬಳಿಯದೆ ಹುಣಸೆಮರದ ಕೆಳಗೆ ಬಿಟ್ಟುಬಂದರೆ ಅದು ತುರೀಯಕ್ಕೆ, ಎಂದರೆ ಗುಜರಿಗೆ, ನೇರ ಪ್ರಯಾಣ. ಗುಜರಿಯವನ ತಕ್ಕಡಿಯಲ್ಲಿ ಅನುಕರ್ಷ್ಯ, ಅನುಕರ್ಷ್ಯಾಭಾಸ, ಮಹಾಕೀಲ, ಶೇಷಗಳೆಲ್ಲ ಕಿಲೋಗೆ ಒಂದೇ ದರ. ನಮ್ಮ ಹಳೆಯ ಕಲ್ಟಿವೇಟರು ಈ ಯುಗಾದಿಯ ನಂತರ ಆ ಅವಸ್ಥೆಯನ್ನು ಹೊಂದಿತು. ಅದರ ಸ್ಥಾನದಲ್ಲಿ ದೊಡ್ಡ ಟ್ರ್ಯಾಕ್ಟರಿಗೆ ಹೊಂದುವ ಹೊಸದೊಂದು ಬಂದಿದೆ.

ಅನುಬಂಧ

ಗ್ರಂಥವು ಮುಗಿದ ಮೇಲೆ, ಈ ಸಲದ ಮೊದಲ ಹದದಲ್ಲಿ, ಹೊಸ ಕಲ್ಟಿವೇಟರಿನ ಏಳನೆಯ ಹಲ್ಲು ಮೂಡಣ ಬದುವಿನ ಬಳಿ ಏನನ್ನೋ ಮೇಲೆತ್ತಿತು. ತಮ್ಮನ ಮಗನು ಇಳಿದು, ಮಣ್ಣು ಒರೆಸಿ, “ದೊಡ್ಡಪ್ಪಾ, ಪಿನ್ ಸಿಕ್ತ್ರೀ” ಎಂದನು. ಅಣುಕೀಲವೂ ಅದರ ತೂತಿನಲ್ಲಿಯೇ ತುಕ್ಕು ಹಿಡಿದು ಸಮವಾಯದಲ್ಲಿತ್ತು. ಇದರಿಂದ ನಾಲ್ಕನೆಯ ಪ್ರಕರಣದ ನಿರ್ಣಯ ಬಾಧಿತವಾಗುತ್ತದೆ: ಪ್ರಧ್ವಂಸವಾದದ್ದು ಮರಳುವುದಿಲ್ಲ. ಕೆಲವು ನೈಯಾಯಿಕರು ಸಾಮಯಿಕಾಭಾವವೆಂಬ, ಕೆಲಕಾಲ ಮಾತ್ರ ಇರುವ ಐದನೆಯ ಅಭಾವವನ್ನು ಹೇಳುತ್ತಾರೆ. ಅದನ್ನು ಇಲ್ಲಿ ಸ್ವೀಕರಿಸಲಾಗಿದೆ, ನಾಲ್ಕನೆಯ ಪ್ರಕರಣವನ್ನು ಹಾಗೆ ತಿದ್ದಿಕೊಂಡು ಓದಬೇಕು. ಪಿನ್ನನ್ನು ತೊಳೆದು ಹೊಸ ಕಲ್ಟಿವೇಟರಿನ ಮೇಲ್ಕೊಂಡಿಗೆ ಹಾಕಿ ನೋಡಿದೆವು. ಅದು 19, ರಂಧ್ರ 25. ಡಬ್ಬಿಯಲ್ಲಿದೆ.